ಕನ್ನಡಿ ಕೆಳಗಿಟ್ಟ ಮೇಲೆ

ಹೋದ ವರ್ಷ ಫೆಬ್ರವರಿಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು. ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದೆ. ಹಾಲ್‌ನಲ್ಲಿ ಕೂತು ಎಡಗಣ್ಣು ಮುಚ್ಚಿ ಎದುರಿನ ಗೋಡೆ ನೋಡಿದೆ. ಅಚ್ಚ ಬಿಳಿ. ಬಲಗಣ್ಣು ಮುಚ್ಚಿ ನೋಡಿದೆ. ಹಳೇ ಪಂಚೆಯ ಬಣ್ಣ. ಮತ್ತೆ ಅದಲು ಬದಲು ಮಾಡಿದೆ. ಒಂದು ಕಣ್ಣಿಗೆ ಹಾಲು, ಇನ್ನೊಂದಕ್ಕೆ ತುಪ್ಪ.

"ರೀ, ಈ ಗೋಡೆಗೆ ಯಾವ ಬಣ್ಣ ಹೊಡೆಸಿದ್ವಿ?"

"ಬಿಳಿ. ನೀನೇ ಹಟ ಮಾಡಿ ಹೊಡೆಸಿದ್ದು" ಅಂದರು ನಮ್ಮನೆಯವರು, ಪೇಪರಿನಿಂದ ತಲೆ ಎತ್ತದೆ.

ಗೋಡೆ ಮಾಸಿದೆ, ಇನ್ನೊಂದು ಸಲ ಬಣ್ಣ ಹೊಡೆಸೋಣ ಅಂತ ನಾನು ಪ್ರತಿ ದೀಪಾವಳಿಗೂ ಜಗಳ ಆಡುತ್ತಿದ್ದೆ. ಮಾಸಿದ್ದು ಗೋಡೆ ಅಲ್ಲ ಅಂತ ಆವತ್ತು ಗೊತ್ತಾಯಿತು. ನಮ್ಮನೆಯವರು ಅದನ್ನು ಇವತ್ತಿಗೂ ಮರೆತಿಲ್ಲ, ನೆಂಟರು ಬಂದಾಗಲೆಲ್ಲ ಹೇಳುತ್ತಾರೆ.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ವಯಸ್ಸಾದ ಹಾಗೆ ಕಣ್ಣೊಳಗಿನ ಮಸೂರ ಹಳದಿಗೆ ತಿರುಗುತ್ತದೆ. ಹಳದಿ ಆದಷ್ಟೂ ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ. ಇದು ಎಷ್ಟು ನಿಧಾನ ಅಂದರೆ ನಮಗೆ ಗೊತ್ತೇ ಆಗುವುದಿಲ್ಲ. ಪೊರೆ ತೆಗೆದು ಹೊಸ ಮಸೂರ ಇಟ್ಟ ಕೂಡಲೇ ನೀಲಿ ಎಲ್ಲಾ ಒಟ್ಟಿಗೆ ನುಗ್ಗುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಗೆ 1923ರಲ್ಲಿ, 82ನೇ ವಯಸ್ಸಿನಲ್ಲಿ, ಇದೇ ಆಪರೇಷನ್ ಆಗಿತ್ತು. ಆಮೇಲೆ ಎಲ್ಲ ವಿಪರೀತ ನೀಲಿ ಕಾಣುತ್ತದೆ ಅಂತ ಅವರು ಗೊಣಗಿದರಂತೆ. ನಾನು ಗೊಣಗಲಿಲ್ಲ. ಒಗೆದು ಹರವಿದ್ದ ನಮ್ಮನೆಯವರ ನೀಲಿ ಷರಟನ್ನು ಹತ್ತು ನಿಮಿಷ ನೋಡುತ್ತಾ ನಿಂತಿದ್ದೆ. ಮದುವೆಯಾದ ಹೊಸದರಲ್ಲೂ ಅವರ ಷರಟನ್ನು ಅಷ್ಟು ಪ್ರೀತಿಯಿಂದ ನೋಡಿರಲಿಕ್ಕಿಲ್ಲ.

ಇದೇ ಹೊತ್ತಿಗೆ ಪುಣೆಯಲ್ಲಿರುವ ಮಗಳು ಫೋನ್ ಮಾಡಿದಳು. ಅವಳಿಗೆ ಮೂವತ್ತೈದು. ಕಿವಿಯ ಹತ್ತಿರ ಒಂದು ಬಿಳಿ ಕೂದಲು ಸಿಕ್ಕಿತ್ತಂತೆ.

"ಅಮ್ಮಾ, ವಯಸ್ಸಾಗೋದ್ರಲ್ಲಿ ಒಳ್ಳೇದು ಅಂತ ಏನಾದ್ರೂ ಇದ್ಯಾ?"

"ರೈಲಿನಲ್ಲಿ ಲೋಯರ್ ಬರ್ತ್ ಸಿಗುತ್ತೆ" ಅಂದೆ. "ಹೆಂಗಸರಿಗೆ ನಲವತ್ತೈದಕ್ಕೇ ಕೊಡ್ತಾರೆ. ಇನ್ನು ಹತ್ತು ವರ್ಷ ಕಾಯಿ."

ನಕ್ಕು ಫೋನ್ ಇಟ್ಟೆವು. ಆದರೆ ಅವಳು ಕೇಳಿದ್ದು ತಲೆಯಲ್ಲಿ ಉಳಿಯಿತು. ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವಳು ನಾನು, ಹಿರಿಯರ ಠೇವಣಿಗೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಈ ಅರವತ್ತಮೂರರಲ್ಲಿ ನನಗಿರುವ ಸುಖ ಬಡ್ಡಿಯದ್ದಲ್ಲ, ಕಣ್ಣಿನದ್ದು. ಪೊರೆ ತೆಗೆಯುವ ಎಷ್ಟೋ ಮೊದಲೇ ಅದು ಶುರುವಾಗಿತ್ತು. ಯಾರೂ ನನ್ನನ್ನು ನೋಡದೇ ಇರುವ ಕಾಲ ಬಂದಾಗ, ನೋಡುವ ಸರದಿ ನನ್ನದಾಯಿತು.

1985ರ ಮಾತು ಹೇಳುತ್ತೇನೆ. ಆಗ ನನ್ನನ್ನು "ನೋಡುವುದಕ್ಕೆ" ಗಂಡಿನ ಕಡೆಯವರು ಬರುತ್ತಿದ್ದರು. ಆರು ಮನೆಯವರು ಬಂದು ಹೋದರು. ಪ್ರತಿ ಸಲವೂ ಉಪ್ಪಿಟ್ಟು, ಕೇಸರಿಬಾತು. ಕಾಫಿ ತಟ್ಟೆ ಹಿಡಿದು ಒಳಗಿನಿಂದ ನಾನೇ ಬರಬೇಕು. ಅದು ನಡಿಗೆ ನೋಡುವುದಕ್ಕೆ. "ಒಂದು ಹಾಡು ಹೇಳಮ್ಮ" ಅನ್ನುತ್ತಿದ್ದರು. ಅದು ಮೂಗಿ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ. ಒಬ್ಬ ಹೆಂಗಸಂತೂ ಪ್ರೀತಿಯಿಂದ ಬೆನ್ನು ಸವರುವ ಹಾಗೆ ಮಾಡಿ ನನ್ನ ಜಡೆ ಎಳೆದು ನೋಡಿದ್ದರು, ಚವರಿ ಸೇರಿಸಿದ್ದಾರಾ ಅಂತ. ಬೆಳಿಗ್ಗೆಯಿಂದ ಸಂಜೆವರೆಗೆ ಕ್ಯಾಶ್ ಕೌಂಟರಿನಲ್ಲಿ ಕೂತು ಲಕ್ಷಗಟ್ಟಲೆ ಎಣಿಸಿ ಒಂದು ರೂಪಾಯಿ ತಪ್ಪದಂತೆ ಲೆಕ್ಕ ಒಪ್ಪಿಸುತ್ತಿದ್ದ ಹುಡುಗಿ ನಾನು. ಮನೆಯಲ್ಲಿ ನೋಟಿನ ಹಾಗೆ ನನ್ನನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಆ ಆರು ಮನೆಯವರಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ. ತಲೆ ಎತ್ತಿ ನೋಡಿದ್ದರೆ ತಾನೇ? ಆರನೆಯವರು ನಮ್ಮನೆಯವರೇ. ಅವರ ಚಪ್ಪಲಿ ಚೆನ್ನಾಗಿ ನೆನಪಿದೆ.

ಮದುವೆಯಾದರೆ ಇದು ಮುಗಿಯುತ್ತದೆ ಅಂದುಕೊಂಡಿದ್ದೆ. ಎಲ್ಲಿ? ಅತ್ತೆ ಮನೆಯಲ್ಲಿ ಒಂದು ಥರ, ಆಫೀಸಿನಲ್ಲಿ ಒಂದು ಥರ, ಬಸ್ಸಿನಲ್ಲಿ ಇನ್ನೊಂದು ಥರ. ಸೆರಗು ಸರಿ ಇದೆಯಾ, ಪಿನ್ ಬಿದ್ದಿದೆಯಾ, ನಕ್ಕಿದ್ದು ಜಾಸ್ತಿ ಆಯಿತಾ. ತಲೆಯೊಳಗೆ ಒಂದು ಕನ್ನಡಿ ಸದಾ ಎತ್ತಿ ಹಿಡಿದಿರಬೇಕಿತ್ತು. ಕೈ ನೋಯುತ್ತಿದೆ ಅಂತಲೂ ಗೊತ್ತಾಗದಷ್ಟು ಅಭ್ಯಾಸ.

ಆ ಕನ್ನಡಿ ಕೆಳಗಿಡುವುದಕ್ಕೆ ನನಗೇನೂ ಧೈರ್ಯ ಬಂದದ್ದಲ್ಲ. ಅದು ಜಾರಿ ಬಿತ್ತು ಅಷ್ಟೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತಲ್ಲ, ಬ್ಯಾಂಕಿನವರಿಗೆ ಮಾತ್ರ ರಜೆ ಇರಲಿಲ್ಲ. ಆದರೆ ನಾನು ತಲೆಗೆ ಹಚ್ಚುತ್ತಿದ್ದ ಡೈ ಸಿಗುತ್ತಿದ್ದ ಅಂಗಡಿ ಮುಚ್ಚಿತ್ತು. ಎರಡು ತಿಂಗಳಲ್ಲಿ ಬೈತಲೆಯ ಎರಡೂ ಕಡೆ ಬೆಳ್ಳಗೆ ಪಟ್ಟೆ ಬಿತ್ತು. ಹೇಗೂ ಮುಖಕ್ಕೆ ಮಾಸ್ಕ್, ಯಾರಿಗೆ ಗೊತ್ತಾಗಬೇಕು ಅಂತ ಸುಮ್ಮನಾದೆ. ಖಾಯಂ ಗಿರಾಕಿಯೊಬ್ಬರು ಗಾಜಿನ ಆಚೆಯಿಂದ "ಏನ್ ಮೇಡಂ, ಇದ್ದಕ್ಕಿದ್ದ ಹಾಗೆ ಅಜ್ಜಿ ಆಗ್ಬಿಟ್ರಾ?" ಅಂದರು. ಹತ್ತು ವರ್ಷದ ಹಿಂದಾಗಿದ್ದರೆ ಆ ಮಾತಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆವತ್ತು ನಗು ಬಂತು. ಅಂಗಡಿ ತೆರೆದ ಮೇಲೂ ನಾನು ಆ ಡಬ್ಬಿ ತರಲಿಲ್ಲ.

ಬೇಲೂರಿನ ದರ್ಪಣಸುಂದರಿಯನ್ನು ನಾನು ಜೀವನದಲ್ಲಿ ಬಹಳ ಸಲ ನೋಡಿದ್ದೇನೆ. ನಮ್ಮ ಹಾಸನದಿಂದ ಒಂದು ಗಂಟೆಯ ದಾರಿ. ಮನೆಗೆ ನೆಂಟರು ಬಂದರೆ ಬೇಲೂರಿಗೆ ಕರೆದುಕೊಂಡು ಹೋಗುವುದು ನಮ್ಮೂರಿನವರ ಹಣೆಬರಹ. ಶಾಲೆಯಿಂದ ಮೊದಲ ಸಲ ಹೋದಾಗ ಅವಳ ಒಡವೆ ನೋಡಿದ್ದೆ. ಕಾಲೇಜಿನಲ್ಲಿದ್ದಾಗ ಅವಳ ಸೊಂಟ ನೋಡಿ ಹೊಟ್ಟೆ ಉರಿದುಕೊಂಡಿದ್ದೆ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದಾಗ ಏನನ್ನೂ ನೋಡಲಿಲ್ಲ, ಮಗು ಎಲ್ಲಿ ಬೀಳುತ್ತದೋ ಅನ್ನುವುದೇ ಆಗಿತ್ತು. ಹೋದ ವರ್ಷ ಪೊರೆ ತೆಗೆದ ಕಣ್ಣಿನಲ್ಲಿ ಹೋದೆ. ಕತ್ತು ಎತ್ತಿ ನೋಡಿದಾಗ ಇದ್ದಕ್ಕಿದ್ದ ಹಾಗೆ ಅವಳ ಕೈ ಕಣ್ಣಿಗೆ ಬಿತ್ತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅದು. ಅಂದರೆ ಒಂಬೈನೂರು ವರ್ಷದಿಂದ ಪಾಪ, ಅವಳು ಆ ಕನ್ನಡಿ ಕೆಳಗಿಟ್ಟಿಲ್ಲ. ಮಳೆ, ಬಿಸಿಲು, ಪಾರಿವಾಳ, ನಾವು. ಎಲ್ಲರೂ ಅವಳನ್ನು ನೋಡುತ್ತಲೇ ಇದ್ದೇವೆ, ಅವಳು ಮಾತ್ರ ತನ್ನನ್ನು ಬಿಟ್ಟು ಬೇರೇನೂ ನೋಡುವ ಹಾಗಿಲ್ಲ. ಎದುರಿಗೆ ಅಷ್ಟು ದೊಡ್ಡ ಅಂಗಳ, ಆಚೆಗೆ ಆಕಾಶ.

"ಇಳಿಸಮ್ಮ, ಸಾಕು" ಅಂದೆ. ಪಕ್ಕದಲ್ಲಿದ್ದ ಗೈಡ್ ಒಂಥರಾ ನೋಡಿದ.

ಬಸ್ಸಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಈಗಿನ ಸುಖದ ಅರ್ಧ ಪಾಲು ಅದರದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ನನಗೆ ಟಿಕೆಟ್ ದುಡ್ಡಿಗೆ ಕೊರತೆ ಇರಲಿಲ್ಲ, ನಿಜ. ಆದರೆ ಫ್ರೀ ಅನ್ನುವುದು ದುಡ್ಡಿನ ಮಾತಷ್ಟೇ ಅಲ್ಲ. "ಎಲ್ಲಿಗೆ, ಯಾಕೆ, ಎಷ್ಟು ಖರ್ಚು" ಅನ್ನುವ ಮೂರು ಪ್ರಶ್ನೆಯಲ್ಲಿ ಒಂದು ಬಿದ್ದುಹೋದರೆ ಉಳಿದೆರಡೂ ಸಡಿಲವಾಗುತ್ತವೆ. ನಾನೂ ನನ್ನ ಹಳೇ ಗೆಳತಿಯೂ ಬುಧವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ, ಮೊದಲು ಹೊರಡುವ ಬಸ್ಸು ಯಾವುದೋ ಅದನ್ನು ಹತ್ತುತ್ತೇವೆ. ಸಕಲೇಶಪುರ, ಅರಸೀಕೆರೆ, ಚನ್ನರಾಯಪಟ್ಟಣ. ಆಧಾರ್ ತೋರಿಸಿದರೆ ಝೀರೋ ಟಿಕೆಟ್. ಅಲ್ಲಿ ಹೋಗಿ ಒಂದು ಕಾಫಿ ಕುಡಿದು ವಾಪಸ್. ಕೆಲಸ ಏನೂ ಇಲ್ಲ. ಕೆಲಸ ಇಲ್ಲದೆ ಒಂದು ಊರಿಗೆ ಹೋಗುವುದು ಎಂಥ ಐಶ್ವರ್ಯ ಅಂತ ಅರವತ್ತರವರೆಗೆ ನನಗೆ ಗೊತ್ತೇ ಇರಲಿಲ್ಲ.

ಬಸ್ಸಿನಲ್ಲಿ ಬಿಳಿ ಕೂದಲಿನ ಹೆಂಗಸು ಇದ್ದೂ ಇಲ್ಲದ ಹಾಗೆ. ಮೊದಮೊದಲು ಸ್ವಲ್ಪ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅದರ ಅನುಕೂಲ ಗೊತ್ತಾಯಿತು. ನನ್ನ ಮುಂದೆ ಯಾರೂ ಏನನ್ನೂ ಮುಚ್ಚಿಡುವುದಿಲ್ಲ. ಕಾಲೇಜು ಹುಡುಗಿ ಪಕ್ಕದಲ್ಲೇ ಕೂತು ಫೋನಿನಲ್ಲಿ ಇಡೀ ಪ್ರೇಮಪ್ರಕರಣ ಬಿಡಿಸಿ ಹೇಳುತ್ತಾಳೆ. ಹಾಸನದಲ್ಲಿ ಅತ್ತೆ ಸೊಸೆ ಜಗಳವಾಡುತ್ತಾ ಹತ್ತಿ, ಶಾಂತಿಗ್ರಾಮದ ಹೊತ್ತಿಗೆ ಒಂದೇ ಸೌತೆಕಾಯಿ ಮುರಿದು ತಿನ್ನುತ್ತಾರೆ. ಹುಡುಗರು ಎದ್ದು ಸೀಟು ಕೊಡುತ್ತಾರೆ, ಕೊಟ್ಟು ಮರೆತುಬಿಡುತ್ತಾರೆ. ಕಿಟಕಿ ಪಕ್ಕದ ಸೀಟು, ಸುತ್ತ ಇಷ್ಟು ಕತೆ. ಇನ್ನೇನು ಬೇಕು?

ಮದುವೆ ಮನೆಗೂ ಈಗ ಹೀಗೇ ಹೋಗುತ್ತೇನೆ. ಹೋಗುವ ಮದುವೆಗಳೇ ಕಡಿಮೆ ಆಗಿವೆ ಅನ್ನಿ. ಕರೆದವರೆಲ್ಲರ ಮನೆಗೆ ಹೋಗಿ ಮುಖ ತೋರಿಸಿ ಬರಬೇಕು ಅನ್ನುವ ಚಟ ಬಿಟ್ಟಿದ್ದೇನೆ. ಇಷ್ಟದವರ ಮದುವೆಗೆ ಹಿಂದಿನ ದಿನವೇ ಹೋಗುತ್ತೇನೆ, ಮಿಕ್ಕವರಿಗೆ ಫೋನಿನಲ್ಲೇ ಆಶೀರ್ವಾದ. ನನಗೆ ಸೊಕ್ಕು ಬಂದಿದೆ ಅಂತ ನಾದಿನಿ ಅಂದಳಂತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್‌ಸನ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮುಂದಿರುವ ಕಾಲ ಕಡಿಮೆ ಅಂತ ಮನಸ್ಸಿಗೆ ಬಂದಾಗ ಜನ ತಾವಾಗಿಯೇ ತಮ್ಮ ವಲಯ ಚಿಕ್ಕದು ಮಾಡಿಕೊಳ್ಳುತ್ತಾರೆ, ಮನಸ್ಸಿಗೆ ಹತ್ತಿರದವರನ್ನಷ್ಟೇ ಇಟ್ಟುಕೊಳ್ಳುತ್ತಾರೆ ಅನ್ನುವುದು ಅವರ ವಾದ. ಅದನ್ನು ನಾದಿನಿಗೆ ಹೇಳಿದರೆ ಸೊಕ್ಕಿಗೆ ಇಂಗ್ಲಿಷ್ ಹೆಸರು ಕೊಟ್ಟೆ ಅಂತಾಳೆ. ಬೇಡ ಬಿಡಿ.

ನಮ್ಮ ಸೋದರತ್ತೆಗೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸಿದ್ದು ನೆನಪಾಗುತ್ತದೆ. ಎಂಬತ್ತು ದಾಟಿದವರಿಗೆ ಮಾಡುತ್ತಾರಲ್ಲ, ಅದು. ವರ್ಷಕ್ಕೆ ಹನ್ನೆರಡು ಹುಣ್ಣಿಮೆ, ಅಧಿಕ ಮಾಸದವನ್ನೂ ಸೇರಿಸಿದರೆ ಎಂಬತ್ತು ವರ್ಷ ಹತ್ತು ತಿಂಗಳ ಸುಮಾರಿಗೆ ಸಾವಿರ ಆಗುತ್ತದೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ್ದೇನೆ, ಬ್ಯಾಂಕಿನ ಬುದ್ಧಿ. ಆವತ್ತು ಪುರೋಹಿತರು "ಸಾವಿರ ಪೂರ್ಣಚಂದ್ರರನ್ನು ಕಂಡ ಜೀವ" ಅಂತ ಹೊಗಳುತ್ತಿದ್ದರು. ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಸಾವಿರ ಎಲ್ಲಿಂದ ಬಂತೇ? ನಾನು ಕಂಡಿರೋದು ಇನ್ನೂರು ಇದ್ರೆ ಹೆಚ್ಚು. ಮಿಕ್ಕಿದ್ದೆಲ್ಲ ಪಾತ್ರೆ ತಿಕ್ಕೋವಾಗ ಹೋಯ್ತು."

ಆ ಮಾತಿಗೆ ಆಗ ಜೋರಾಗಿ ನಕ್ಕಿದ್ದೆ. ಆಗ ನನಗೆ ನಲವತ್ತೆಂಟು. ಸೀದಾ ಮನೆಗೆ ಬಂದು ಪಾತ್ರೆ ತಿಕ್ಕಿದೆ. ಕಿಟಕಿಯ ಹೊರಗೆ ಚಂದ್ರ ಇದ್ದನೋ ಇಲ್ಲವೋ.

ಈಗ ಹುಣ್ಣಿಮೆ ದಿನ ತಾರಸಿಗೆ ಹೋಗುತ್ತೇನೆ. ಸುಮ್ನೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಪೊರೆ ತೆಗೆಸುವ ಮೊದಲು ಚಂದ್ರನ ಸುತ್ತ ಒಂದು ಮಬ್ಬು ಬಳೆ ಇರುತ್ತಿತ್ತು, ಈಗ ಅಂಚು ಕತ್ತರಿಸಿದ ಹಾಗೆ ಸ್ಪಷ್ಟ. ಅತ್ತೆಯ ಲೆಕ್ಕದಲ್ಲಿ ಒಂದೊಂದೇ ಸೇರಿಸುತ್ತಿದ್ದೇನೆ. ನಮ್ಮನೆಯವರು ಕೆಳಗಿನಿಂದ "ಥಂಡಿ ಆಗುತ್ತೆ, ಇಳಿ" ಅಂತ ಕೂಗುತ್ತಾರೆ. ಪಾತ್ರೆ ಬೆಳಿಗ್ಗೆವರೆಗೂ ಸಿಂಕಿನಲ್ಲೇ ಇರುತ್ತವೆ.

ಎಲ್ಲ ಬಿಟ್ಟರೂ ವರ್ಷಕ್ಕೊಂದು ದಿನ ಮಾತ್ರ ನನ್ನನ್ನು ಗಮನವಿಟ್ಟು ನೋಡುವವರಿದ್ದಾರೆ. ನವೆಂಬರ್ ಬಂದರೆ ಪಿಂಚಣಿದಾರರು ಬದುಕಿದ್ದೇವೆ ಅಂತ ಸರ್ಟಿಫಿಕೇಟ್ ಕೊಡಬೇಕು. ಜೀವನ್ ಪ್ರಮಾಣ್ ಅಂತ 2014ರಲ್ಲಿ ಬಂತು, ಬೆರಳು ಒತ್ತಿದರೆ ಸಾಕು. ಆದರೆ ಬೆರಳಿನ ಗೆರೆ ಉಳಿದಿದ್ದರೆ ತಾನೇ? ನೋಟು ಎಣಿಸಿ, ಪಾತ್ರೆ ತಿಕ್ಕಿ, ವಯಸ್ಸೂ ಸೇರಿ ನನ್ನ ಹೆಬ್ಬೆರಳು ಗಾಜಿನ ಹಾಗೆ ನುಣ್ಣಗಾಗಿದೆ. ಮೊದಲ ವರ್ಷ ಏಳು ಸಲ ಒತ್ತಿದರೂ ಮಷೀನು ನಾನು ಇದ್ದೇನೆ ಅಂತ ಒಪ್ಪಲಿಲ್ಲ. ಈಗ ಮೊಬೈಲಿನಲ್ಲೇ ಮುಖ ತೋರಿಸುವ ವ್ಯವಸ್ಥೆ ಇದೆ. ಮುಖವನ್ನು ಚೌಕಟ್ಟಿನೊಳಗೆ ಇಟ್ಟು ಕಾಯಬೇಕು. ಅದು ಕಣ್ಣು ಮಿಟುಕಿಸಿ ಅನ್ನುತ್ತದೆ. ಮಿಟುಕಿಸಿದರೆ ಆಯಿತು, ಇನ್ನೊಂದು ವರ್ಷಕ್ಕೆ ನಾನು ಜೀವಂತ.

ಆರು ಮನೆಯವರ ಮುಂದೆ ನಡೆದು, ಹಾಡಿ, ಜಡೆ ಎಳೆಸಿಕೊಂಡವಳಿಗೆ ಈ ಪರೀಕ್ಷೆ ಎಷ್ಟೋ ವಾಸಿ.

ಇದೆಲ್ಲ ಪಿಂಚಣಿ ಇರುವವಳ ಮಾತು ಅನ್ನುವುದು ನನಗೆ ಗೊತ್ತಿದೆ. ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ನನಗಿಂತ ಐದಾರು ವರ್ಷ ಜಾಸ್ತಿ. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ಅದರಲ್ಲಿ ಏನಾಗುತ್ತದೆ? ಬೆಳಿಗ್ಗೆ ಆರಕ್ಕೆ ಬುಟ್ಟಿ ಹೊತ್ತು ಬರುತ್ತಾರೆ. ವಯಸ್ಸಾಗುವುದರ ಸುಖದ ಬಗ್ಗೆ ಅವರ ಹತ್ತಿರ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಅವರ ಕಣ್ಣಲ್ಲೂ ಪೊರೆ ಬಂದಿದೆ. "ಆಪ್ರೇಸನ್ ಮಾಡಿಸ್ಕೊಂಡ್ರೆ ತಿಂಗ್ಳು ಯಾಪಾರ ಹೋಯ್ತದಲ್ಲವ್ವ" ಅಂದರು. ದಂಟಿನ ಸೊಪ್ಪಿನ ಕಟ್ಟನ್ನು ಕೈಯಲ್ಲಿ ಸವರಿ, ಮೂಸಿ ನೋಡಿ, ಎಳೆಯದು ಯಾವುದು ಅಂತ ಆರಿಸಿ ಕೊಡುತ್ತಾರೆ. ಮೇ ತಿಂಗಳಲ್ಲಿ ಸೊಪ್ಪು ಕಡಿಮೆ, ಆಗ ಕರೆದುಕೊಂಡು ಹೋಗುತ್ತೇನೆ ಅಂತ ಒಪ್ಪಿಸಿದ್ದೇನೆ. ನೋಡಬೇಕು.

ನೋವು ನನಗೂ ಇಲ್ಲದಿಲ್ಲ. ಮಂಡಿ ಇದೆ, ಬಿ.ಪಿ. ಇದೆ. ಫೋನಿನಲ್ಲಿ ನಾಲ್ಕು ನಂಬರ್‌ಗಳಿವೆ, ಆ ಕಡೆಯಿಂದ ಎತ್ತುವವರಿಲ್ಲ, ಅಳಿಸಲು ಕೈ ಬರುವುದಿಲ್ಲ. ಅದರ ಬಗ್ಗೆ ಇಷ್ಟೇ.

ಕುರಿಂಜಿಯ ಕತೆ ಹೇಳಿ ಮುಗಿಸುತ್ತೇನೆ. ನಾನು ಹುಟ್ಟಿದ್ದು ಶುಭಕೃತ್ ಸಂವತ್ಸರದಲ್ಲಿ, 1962ರಲ್ಲಿ. ಅರವತ್ತು ಸಂವತ್ಸರ ಒಂದು ಸುತ್ತು ಮುಗಿಸಿ 2022ರ ಯುಗಾದಿಗೆ ಅದೇ ಶುಭಕೃತ್ ಮತ್ತೆ ಬಂತು. ನಾನು ನಿವೃತ್ತಿ ಆಗುವ ತಿಂಗಳು, ಸೆಪ್ಟೆಂಬರ್‌ನಲ್ಲಿ, ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು ಅದು. ಅರಳಿ, ಬೀಜ ಬಿಟ್ಟು, ಗಿಡ ಸತ್ತುಹೋಗುತ್ತದೆ. ಬಿದ್ದ ಬೀಜದಿಂದ ಎದ್ದ ಗಿಡ ಮತ್ತೆ ಹನ್ನೆರಡು ವರ್ಷ ಕಾಯುತ್ತದೆ. ಮಗಳು ರಜೆ ಹಾಕಿ ಬಂದು ನನ್ನನ್ನೂ ಗೆಳತಿಯನ್ನೂ ಕರೆದುಕೊಂಡು ಹೋದಳು. ಜನವೋ ಜನ. ಎಲ್ಲರೂ ಹೂವಿಗೆ ಬೆನ್ನು ತಿರುಗಿಸಿ ಫೋಟೊ ತೆಗೆದುಕೊಳ್ಳುತ್ತಿದ್ದರು. ನಾನು ಹೂವಿನ ಕಡೆ ತಿರುಗಿ ನಿಂತಿದ್ದೆ. ಗುಡ್ಡದ ತುಂಬ ಬೂದಿ ಬಣ್ಣದ ಹೂವು. ಚೆನ್ನಾಗಿತ್ತು. ಆದರೆ ಇದಕ್ಕೆ ಇಷ್ಟು ಗಲಾಟೆ ಯಾಕೆ ಅಂತಲೂ ಅನ್ನಿಸಿತ್ತು. ಮಗಳ ಮುಂದೆ ಹೇಳಲಿಲ್ಲ.

ಪೊರೆ ತೆಗೆಸಿಕೊಂಡ ಮೇಲೆ ಒಂದು ದಿನ ಫೋನಿನಲ್ಲಿ ಹಳೇ ಫೋಟೊಗಳನ್ನು ನೋಡುತ್ತಿದ್ದೆ. ಆ ಗುಡ್ಡ ಬಂತು. ನೀಲಿ. ಮೋಡದ ಕೆಳಗೆ ಒಂದು ಇಡೀ ಬೆಟ್ಟ ನೀಲಿ ಹೊದ್ದು ಮಲಗಿತ್ತು. ಅದರ ಮುಂದೆ ಬೆಳ್ಳಗಿನ ತಲೆಯ ಒಬ್ಬಳು ಹೆಂಗಸು ಬೆನ್ನು ತಿರುಗಿಸಿ ನಿಂತು, ಬೂದಿ ನೋಡುತ್ತಿದ್ದಳು.

ತಕ್ಷಣ ಗೆಳತಿಗೆ ಫೋನ್ ಮಾಡಿದೆ.

"ಮುಂದಿನ ಸಲ ಯಾವಾಗ ಅರಳೋದು?"

"2034. ನಿಂಗೆ ಎಪ್ಪತ್ತೆರಡು, ನಂಗೆ ಎಪ್ಪತ್ಮೂರು. ಬೆಟ್ಟ ಹತ್ತೋರು ಯಾರೇ?"

"ಜೀಪ್ ಹೋಗುತ್ತೆ ಕಣೇ. ನೋಡೋದಕ್ಕೆ ಮಂಡಿ ಯಾಕೆ ಬೇಕು?"

ನನ್ನ ಬೀರುವಿನ ಬಾಗಿಲ ಒಳಗಡೆ ಗ್ಯಾಸ್ ಸಿಲಿಂಡರ್ ಬಂದ ತಾರೀಖುಗಳನ್ನು ಪೆನ್ಸಿಲ್‌ನಲ್ಲಿ ಬರೆದಿಡುವ ಅಭ್ಯಾಸ. ಅದರ ಕೆಳಗೆ "ಸೆಪ್ಟೆಂಬರ್ 2034, ಕುರಿಂಜಿ" ಅಂತ ಬರೆದೆ. ಮೊನ್ನೆ ಸೀರೆ ತೆಗೆಯುವಾಗ ನೋಡುತ್ತೇನೆ, ಅದರ ಪಕ್ಕದಲ್ಲಿ ನಮ್ಮನೆಯವರ ಅಕ್ಷರ. "ಇಬ್ಬರಿಗೂ ಸ್ವೆಟರ್."